ಚಿಲ್ಲರೆ

ಬೆಣ್ಣೆ ಕಾಗದ ಹಾಸುವುದನ್ನು ಮರೆತಿದ್ದೆ.
ಗೊತ್ತಾದದ್ದು ತಟ್ಟೆಗೆ ಬೋರಲು ಹಾಕಿ
ತಳಕ್ಕೆ ಮೂರು ಸಲ ತಟ್ಟಿದ ಮೇಲೆ:
ಅರ್ಧ ಕೇಕು ತಟ್ಟೆಗೆ, ಅರ್ಧ ಟಿನ್ನಿಗೆ,
ನಡುವೆ ಹಳ್ಳ.
ಸಾಲಗಾಮೆ ರಸ್ತೆಯ ಗುಂಡಿ ಕಂಡವರಿಗೆ
ಬೇರೆ ವರ್ಣನೆ ಬೇಕಿಲ್ಲ.

ಎರಡು ಕೇಜಿ. ಚಾಕೊಲೇಟ್. ಮುಂಗಡ ಐನೂರು
ಆಗಲೇ ಮೊಟ್ಟೆಗೆ, ಮೈದಾಕ್ಕೆ, ಗ್ಯಾಸಿಗೆ ಹೋಗಿತ್ತು.
ನಾಲ್ಕಕ್ಕೆ ಡಿಪೋದಲ್ಲಿ ಬೀಳ್ಕೊಡುಗೆ,
ಕಂಡಕ್ಟರ್ ಹನುಮೇಗೌಡರಿಗೆ.
ಮೇಲೆ ಹೆಸರು ಬರೆಯಬೇಕು, ಜೊತೆಗೊಂದು ಬಸ್ಸು,
ಕೆಂಪು ಬಸ್ಸೇ ಆಗಬೇಕು ಅಂತ
ಮೆಕ್ಯಾನಿಕ್ ನಜೀರ್ ಫೋನಿನಲ್ಲಿ ಎರಡೆರಡು ಸಲ ಹೇಳಿದ್ದ.
ಗಡಿಯಾರದಲ್ಲಿ ಹನ್ನೆರಡೂವರೆ.

ಮೊದಲು ಅತ್ತುಬಿಟ್ಟೆ.
ಅಳುತ್ತಲೇ ಟಿನ್ನಿಗೆ ಅಂಟಿದ್ದನ್ನು
ಚಮಚದಲ್ಲಿ ಕೆರೆದು ಬಾಯಿಗಿಟ್ಟೆ.
ಬೆಂದಿತ್ತು. ರುಚಿಯಿತ್ತು.
ಹೋದದ್ದು ಆಕಾರ.
ಆಕಾರವೇ ಮಾನ ಅಂದುಕೊಂಡಿದ್ದೆನಲ್ಲ, ಇಷ್ಟು ದಿನ.

ಕೆಳಗಿನ ಟೈಲರ್ ಪುಟ್ಟಸಿದ್ದಮ್ಮ
ಹೆಗಲಲ್ಲಿ ಟೇಪು ನೇತುಹಾಕಿಕೊಂಡೇ ಮೇಲೆ ಬಂದಳು.
ನೋಡಿದಳು. ಒಂದು ಚೂರು ತಿಂದಳು.
"ಕತ್ರಿ ತಪ್ಪಿ ರವಿಕೆ ಕೆಟ್ರೆ
ನಾನು ಕೈಚೀಲ ಹೊಲೀತೀನಿ.
ಅಳ್ತಾ ಕೂತ್ರೆ ಬಾಡಿಗೆ ಯಾರು ಕಟ್ತಾರೆ?"

ಮುರಿದೆ. ಇನ್ನಷ್ಟು ಮುರಿದೆ,
ಮೆಂತ್ಯ ಸೊಪ್ಪು ಬಿಡಿಸುವ ಹಾಗೆ, ನಿಧಾನ.
ಬೆಳಗಿನ ಫಿಲ್ಟರಿನಲ್ಲಿ ಉಳಿದ ಗಟ್ಟಿ ಡಿಕಾಕ್ಷನ್
ಬೆಲ್ಲ ಹಾಕಿ ಕುದಿಸಿ ಚಿಮುಕಿಸಿದೆ.
ಕೆನೆ ಕಾಯಿಸಿ, ಉರಿ ಆರಿಸಿ,
ಕಪ್ಪು ಚಾಕೊಲೇಟ್ ತುಂಡು ಹಾಕಿ ಮುಚ್ಚಿಟ್ಟೆ;
ಐದು ನಿಮಿಷ ಕದಡದೆ ಸುಮ್ಮನಿರುವುದೂ ಒಂದು ಅಡುಗೆ.
ಅಂಚಿನ ಗಟ್ಟಿ ಚೂರುಗಳು ಹೆಂಚಿನ ಮೇಲೆ ಗರಿಗರಿ.
ಒಂದೇ ಒಂದು ಚಿಟಿಕೆ ಉಪ್ಪು.

ಅವಳ ಮೊಮ್ಮಗಳ ನಾಮಕರಣಕ್ಕೆ ತಂದು ಉಳಿದ
ನಲವತ್ತು ಪಾರದರ್ಶಕ ಲೋಟ.
ಒಂದು ಪದರ ಕೇಕು, ಒಂದು ಪದರ ಕೆನೆ, ಮೇಲೆ ಪುಡಿ.
ಬಸ್ಸಿಗೆ ಜಾಗವಿಲ್ಲ. ಹೆಸರನ್ನು ಮಾತ್ರ
ಐದು ಲೋಟಗಳಿಗೆ ಹಂಚಿದೆ:
ಹ. ನು. ಮೇ. ಗೌ. ಡ.

ಆಟೋದಲ್ಲಿ, ತೊಡೆಯ ಮೇಲೆ ಟ್ರೇ,
ಮೊದಲ ಬಾರಿ ಗುಂಡಿಗಳಿಗೆ ಹೆದರಲಿಲ್ಲ.
ಒಡೆಯುವುದು ಏನೂ ಉಳಿದಿರಲಿಲ್ಲ.

"ಕೇಕೆಲ್ಲಿ?" ಅಂದ ನಜೀರ್.
ಒಡೆದುಹೋಯ್ತು ಅಂದೆ. ಸುಳ್ಳು ಬಾಯಿಗೆ ಬರಲಿಲ್ಲ.
ಅಷ್ಟರಲ್ಲಿ ಯಾವನೋ ಡ್ರೈವರ್ ಗೌ ತಿಂದು ಮುಗಿಸಿದ್ದ.
ಉಳಿದ ನಾಲ್ಕು ಅಕ್ಷರಗಳ ಮುಂದೆ
ಕೊರಳಲ್ಲಿ ಚೆಂಡುಹೂವಿನ ಹಾರ, ಹನುಮೇಗೌಡರು.
ಒಂದು ಚಮಚ. ಇನ್ನೊಂದು.
ಮೂರನೆಯದಕ್ಕೆ ಕಣ್ಣು ಮುಚ್ಚಿದರು.

"ನೋಟು ಮುರಿಸ್ದಂಗಾಯ್ತು ಬುಡವ್ವ.
ಇಡೀ ನೋಟು ಇಟ್ಕಂಡು ಏನ್ಮಾಡದು?
ಬಸ್ ತುಂಬ ಜನ."

ಅರಕಲಗೂಡಿನ ಏಳೂವರೆ ಬಸ್ಸು, ನನ್ನ ಕಾಲೇಜಿನ ದಿನ.
ಟಿಕೆಟ್ಟಿನ ಹಿಂದೆ ನೀಲಿ ಪೆನ್ನಿನಲ್ಲಿ 2 ಎಂದು ಬರೆದು
ಇವರೇ ಕೊಟ್ಟಿದ್ದರು, ಇಳಿಯುವಾಗ ಇಸ್ಕೊ ಅಂತ.
ನೂಕುನುಗ್ಗಲಲ್ಲಿ ಇಸಿದುಕೊಳ್ಳಲಿಲ್ಲ.
ಆ ಚೀಟಿ ಜಾಮಿಟ್ರಿ ಬಾಕ್ಸಿನಲ್ಲಿ ಬಹಳ ಕಾಲವಿತ್ತು.

"ಬಾಕಿ ಏನಾರ ಐತೇನವ್ವ?" ಅಂದರು,
ಕವರಿನಿಂದ ದುಡ್ಡು ಎಣಿಸುತ್ತಿದ್ದ ನಜೀರನನ್ನು ತೋರಿಸಿ.
"ಎರಡು ರೂಪಾಯಿ" ಅಂದೆ.
ಅರ್ಥವಾಗದೆ ನಕ್ಕರು.
ಮೇ ಎತ್ತಿಕೊಂಡರು.

ಸೋಮವಾರ ಮತ್ತೆ ನಜೀರನ ಫೋನು:
ತಂಗಿಯ ಮಗಳ ನಿಶ್ಚಿತಾರ್ಥ, ಅದೇ ಒಡೆದ ಕೇಕು,
ಅರವತ್ತು ಲೋಟ.
ಈ ಸಲ ಬೆಣ್ಣೆ ಕಾಗದ ಮರೆಯಲಿಲ್ಲ.
ಜಾರಿ ಬಂತು ತಟ್ಟೆಗೆ ಇಡಿಯಾಗಿ,
ಎಣ್ಣೆ ನೀರು ಹಾಕಿದ ಮಗುವಿನ ಹಣೆಯಂತೆ ನುಣ್ಣಗೆ.
ಕೈ ಎತ್ತಿದವಳು ಹಾಗೇ ನಿಂತೆ.

ಕಿಟಕಿಯಿಂದ ಬಗ್ಗಿ ಕೂಗಿದೆ:
ಪುಟ್ಟಸಿದ್ದಮ್ಮಾ, ಒಂದು ನಿಮಿಷ ಬಾ.
ನೀನೇ ಮುರಿ.